ಟ್ಯಾಂಕಿನ ಮೇಲಿನ ಕೆಸರು: 1994ರ ಮೋಟರ್‌ಹೋಮ್ ಒಂದರ ಪ್ರೋಪೇನ್ ರಿಪೇರಿ

ನಾವು ಇರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ. 2022ರ ಅಕ್ಟೋಬರಿನಲ್ಲಿ ಒಂದು ಹಳೇ ಮೋಟರ್‌ಹೋಮ್ ಕೊಂಡೆವು. 1994ರ ಗಾಡಿ. ಫೋರ್ಡ್ ಇ-350 ಚಾಸಿಯ ಮೇಲೆ ಕಟ್ಟಿದ ಪುಟ್ಟ ಮನೆ. ಒಳಗೆ ಒಲೆ, ಫ್ರಿಜ್, ಬಿಸಿನೀರಿನ ಹೀಟರ್, ಚಳಿಗೆ ಫರ್ನೇಸ್. ಡ್ರೈವರ್ ಸೀಟಿನ ಮೇಲೆ ಅಟ್ಟದ ಹಾಗೆ ಒಂದು ಹಾಸಿಗೆ. ಗಾಡಿ ನೋಡಲು ಹೋದ ದಿನವೇ ನಮ್ಮ ಮಗಳು ಆ ಅಟ್ಟ ಹತ್ತಿ ಮಲಗಿಬಿಟ್ಟಳು. ಆಮೇಲೆ ಬೇಡ ಎನ್ನುವ ಮಾತೇ ಬರಲಿಲ್ಲ.

ಈ ಬರಹ ಆ ಗಾಡಿಯ ಗ್ಯಾಸ್ ಟ್ಯಾಂಕಿನದು. ಒಲೆ, ಹೀಟರ್, ಫರ್ನೇಸ್ ಉರಿಯುವುದು ಅದರಲ್ಲಿ ತುಂಬಿಸುವ ಪ್ರೋಪೇನ್ ಎಂಬ ಗ್ಯಾಸಿನಿಂದ. 2023ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನಾವು ಮಾಡಿಸಿದ ಒಂದೊಂದು ರಿಪೇರಿಯೂ ಸರಿಯಾಗಿಯೇ ಇತ್ತು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಮಾತ್ರ ತಪ್ಪಿತ್ತು. ನನ್ನ ಪರಿಚಯದವರಲ್ಲೇ ಇಬ್ಬರು ಈಗ ಇಂಥ ಗಾಡಿ ಹುಡುಕುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಗಾಡಿಗೇ ಕೂರಿಸಿದ ಟ್ಯಾಂಕ್

ನಮ್ಮೂರಿನ ಮನೆಗಳಲ್ಲಿ ಸಿಲಿಂಡರ್ ಖಾಲಿಯಾದರೆ ಇನ್ನೊಂದು ಬರುತ್ತದೆ. ಹಳೆಯದರ ತುಕ್ಕು, ವಯಸ್ಸು ನಮ್ಮ ತಲೆನೋವಲ್ಲ. ಕತ್ತಿನ ಹತ್ತಿರ ಬರೆದ ‘ಬಿ-26’ ಥರದ ಗುರುತು ನೋಡಿಕೊಂಡರೆ ಸಾಕು, ಟೆಸ್ಟ್ ಯಾವಾಗ ಎಂದು ಗೊತ್ತಾಗುತ್ತದೆ. ಬಿ ಅಂದರೆ ಜೂನ್‌ಗೆ ಮುಗಿಯುವ ಮೂರು ತಿಂಗಳು, 26 ಅಂದರೆ ವರ್ಷ. ಅಮೆರಿಕದಲ್ಲೂ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್‌ಗಳಿಗೆ ಬಿಚ್ಚಿ ತೆಗೆಯುವಂಥ ಸಿಲಿಂಡರ್ ಇರುತ್ತದೆ. ಅದಕ್ಕೂ ಮರುಪರೀಕ್ಷೆಯ ತಾರೀಖು ಇದೆ.

ಮೋಟರ್‌ಹೋಮ್ ಹಾಗಲ್ಲ. ಅದರ ಟ್ಯಾಂಕನ್ನು ಚಾಸಿಗೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಅಡ್ಡ ಮಲಗಿಸಿದ ಡ್ರಮ್ಮಿನ ಹಾಗೆ ಅದು ಮನೆಯ ನೆಲದ ಕೆಳಗೆ ಇರುತ್ತದೆ. ಎಎಸ್‌ಎಂಇ ಟ್ಯಾಂಕ್ ಎನ್ನುತ್ತಾರೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಬರೆದ ನಿಯಮದಂತೆ ಕಟ್ಟಿದ್ದು ಎಂದು ಅರ್ಥ. ಗ್ಯಾಸ್ ಬೇಕಾದರೆ ಇಡೀ ಮನೆಯನ್ನೇ ಓಡಿಸಿಕೊಂಡು ಪಂಪಿನ ಹತ್ತಿರ ಹೋಗಬೇಕು. ಸಿಲಿಂಡರ್‌ಗೆ ಇರುವ ಹಾಗೆ ಇದಕ್ಕೆ ಇಷ್ಟು ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಲೇಬೇಕು ಎಂಬ ತಾರೀಖು ಇಲ್ಲ. ಗಟ್ಟಿಯಾಗಿ ಕಟ್ಟಿರುವುದರಿಂದ ಆ ನಂಬಿಕೆ. ಆದರೆ ತಾರೀಖು ಇಲ್ಲ ಅಂದರೆ ಯಾರೂ ನೋಡುವುದೂ ಇಲ್ಲ. ನಮ್ಮ ಟ್ಯಾಂಕನ್ನು 29 ವರ್ಷ ಯಾರೂ ಬಿಚ್ಚಿರಲಿಲ್ಲ. ಅದು ಆಮೇಲೆ ಗೊತ್ತಾಯಿತು.

ನಮ್ಮದು 18 ಗ್ಯಾಲನ್ ನೀರು ಹಿಡಿಯುವ ಟ್ಯಾಂಕ್. ಗ್ಯಾಸನ್ನು ಅದರ 80 ಪರ್ಸೆಂಟ್ ಮಾತ್ರ ತುಂಬಬೇಕು. ದ್ರವ ಬಿಸಿಗೆ ಹಿಗ್ಗುತ್ತದೆ, ಮೇಲೆ ಜಾಗ ಬಿಡಲೇಬೇಕು. ಅಂದರೆ 14 ಗ್ಯಾಲನ್ ಚಿಲ್ಲರೆ, ಸುಮಾರು 27 ಕೆಜಿ. ನಮ್ಮ ಮನೆಗಳ 14.2 ಕೆಜಿ ಸಿಲಿಂಡರ್ ಎರಡನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡು ಊರೂರು ಸುತ್ತಿದ ಹಾಗೆ.

ಒಂದು ವ್ಯತ್ಯಾಸ ಇದೆ. ಭಾರತದ ಅಡುಗೆ ಗ್ಯಾಸಿನಲ್ಲಿ ಬ್ಯೂಟೇನ್ ಕೂಡ ಸೇರಿರುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಮಿಷಿಗನ್ ಚಳಿಗೆ ಅದು ಆಗಿಬರುವುದಿಲ್ಲ. ಪ್ರೋಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಹಿಮ ಬೀಳುತ್ತಿದ್ದರೂ ಟ್ಯಾಂಕಿನಿಂದ ಗ್ಯಾಸ್ ಬರುತ್ತಲೇ ಇರುತ್ತದೆ. ಅದೇ ಕಾರಣಕ್ಕೆ ಬಿಸಿಲಲ್ಲಿ ಅದರ ಒತ್ತಡವೂ ಜಾಸ್ತಿ.

ಏಪ್ರಿಲ್: ವಾಸನೆ ಮತ್ತು ಸಣ್ಣ ಉರಿ

ಚಳಿಗಾಲ ಕಳೆದು ಗಾಡಿಯ ಹೊದಿಕೆ ತೆಗೆದ ಮೊದಲ ಶನಿವಾರ. ಟೀ ಇಡೋಣ ಎಂದು ಒಲೆ ಹಚ್ಚಿದೆವು. ಹೊತ್ತಿಕೊಂಡಿತು. ಫರ್ನೇಸ್ ಶುರುವಾದ ತಕ್ಷಣ ಉರಿ ಕುಗ್ಗಿತು, ತುದಿ ಹಳದಿಯಾಯಿತು. ಸ್ವಲ್ಪ ಹೊತ್ತಿಗೆ ಫರ್ನೇಸ್ ತಾನಾಗಿ ಆರಿಹೋಯಿತು.

ಸಂಜೆ ನನ್ನ ಹೆಂಡತಿ ಮೆಟ್ಟಿಲ ಹತ್ತಿರ ನಿಂತು, “ಏನ್ರೀ, ಇಲ್ಲಿ ಗ್ಯಾಸ್ ವಾಸನೆ ಬರ್ತಿಲ್ವಾ?” ಎಂದಳು. ನಾನು ನಿಂತೇ ಮೂಸಿದೆ, ಏನೂ ಬರಲಿಲ್ಲ. ಮಂಡಿ ಊರಿ ಬಗ್ಗಿದಾಗ ಬಂತು. ಕೊಳೆತ ಎಲೆಕೋಸಿನ ವಾಸನೆ. ಪ್ರೋಪೇನ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟಾನ್ ಬೆರೆಸುತ್ತಾರೆ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಕೂರುತ್ತದೆ. ಮೋಟರ್‌ಹೋಮ್‌ಗಳಲ್ಲಿ ಗ್ಯಾಸ್ ಅಲಾರಾಂ ಅನ್ನು ನೆಲಕ್ಕೆ ಒಂದು ಗೇಣು ಮೇಲೆ ಹಾಕುವುದು ಅದಕ್ಕೇ.

ಟ್ಯಾಂಕಿನ ವಾಲ್ವ್ ಮುಚ್ಚಿದೆ. ಬಾಗಿಲು ಕಿಟಕಿ ಎಲ್ಲ ತೆರೆದೆವು. ಮಗಳನ್ನು ಮನೆಯೊಳಗೆ ಕಳಿಸಿದೆವು. ನಮ್ಮ ಗಾಡಿಯ ಅಲಾರಾಂ ಕೂಗಿರಲಿಲ್ಲ. ಬಿಚ್ಚಿ ಹಿಂದೆ ನೋಡಿದರೆ ತಯಾರಾದ ವರ್ಷ 2011. ಅದರೊಳಗಿನ ಸೆನ್ಸರ್ ಐದರಿಂದ ಏಳು ವರ್ಷ ಬಾಳುತ್ತದೆ. ಹಸಿರು ದೀಪ ಉರಿಯುತ್ತಲೇ ಇತ್ತು. ಆ ದೀಪ ಹೇಳುವುದು ಕರೆಂಟ್ ಇದೆ ಎಂದು ಮಾತ್ರ. ಆ ರಾತ್ರಿಯೇ ಹೊಸ ಅಲಾರಾಂ ತರಿಸಲು ಆರ್ಡರ್ ಮಾಡಿದೆ. ಹಳೇ ಗಾಡಿ ಕೊಂಡವರು ಬೇರೆ ಏನನ್ನು ಮುಂದೂಡಿದರೂ ಇದನ್ನು ಮಾತ್ರ ಮುಂದೂಡಬೇಡಿ.

ಮೊದಲ ರಿಪೇರಿ

ಹತ್ತಿರದ ಒಂದು ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿಯ ಮೆಕ್ಯಾನಿಕ್ ಕೆಲಸ ಗೊತ್ತಿದ್ದವರೇ. ಒಲೆಯ ಬರ್ನರ್ ಹತ್ತಿರ ಒಂದು ಮಾನೋಮೀಟರ್ ಜೋಡಿಸಿದರು. ನೋಡಿದ ಕೂಡಲೇ ನನಗೆ ನಮ್ಮೂರಿನ ಗಾರೆ ಮೇಸ್ತ್ರಿಯ ಟ್ಯೂಬ್ ಲೆವೆಲ್ ನೆನಪಾಯಿತು. ಬಾಗಿಸಿದ ಪಾರದರ್ಶಕ ಕೊಳವೆ, ಅರ್ಧ ನೀರು, ಪಕ್ಕದಲ್ಲಿ ಇಂಚಿನ ಗುರುತು. ಒಂದು ಬದಿಗೆ ಗ್ಯಾಸ್ ಒತ್ತಿದರೆ ಇನ್ನೊಂದು ಬದಿಯ ನೀರು ಏರುತ್ತದೆ.

ಟ್ಯಾಂಕಿನೊಳಗೆ 21 ಡಿಗ್ರಿ ಬಿಸಿಯಲ್ಲಿ ಸುಮಾರು 110 ಪಿಎಸ್‌ಐ ಒತ್ತಡ ಇರುತ್ತದೆ. ಬಸ್ಸಿನ ಟೈರಿನಷ್ಟು. ಒಲೆಗೆ ಬೇಕಾದದ್ದು 11 ಇಂಚು ನೀರಿನ ಒತ್ತಡ ಮಾತ್ರ. ಎಷ್ಟು ಕಡಿಮೆ ಅಂದರೆ, ನೀರಿನಲ್ಲಿ 28 ಸೆಂಟಿಮೀಟರ್ ಆಳಕ್ಕೆ ಸ್ಟ್ರಾ ಅದ್ದಿ ಬಾಯಿಂದ ಗುಳ್ಳೆ ಬಿಟ್ಟರೆ ಸಾಕು. ಬಸ್ಸಿನ ಟೈರನ್ನು ಉಸಿರಿನ ಮಟ್ಟಕ್ಕೆ ಇಳಿಸುವ ಕೆಲಸ ರೆಗ್ಯುಲೇಟರ್‌ನದು. ನಮ್ಮದರಲ್ಲಿ ಒಂದು ಬರ್ನರ್ ಹಚ್ಚಿದಾಗ 11 ಇಂಚು ಇತ್ತು. ಫರ್ನೇಸ್, ಹೀಟರ್ ಎರಡೂ ಶುರುವಾದಾಗ 8ಕ್ಕೆ ಇಳಿಯಿತು. ರೆಗ್ಯುಲೇಟರ್ ಹೋಗಿದೆ ಎಂದರು.

ಅದನ್ನು ಬಿಚ್ಚಿದಾಗ ಅದರ ಉಸಿರಾಟದ ತೂತಿನಲ್ಲಿ ಒಣಗಿದ ಕೆಸರು ತುಂಬಿತ್ತು. ಈ ತೂತು ಕೆಳಮುಖವಾಗಿರಬೇಕು, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರಬೇಕು. ನಮ್ಮದರ ಮುಚ್ಚಳ ಯಾವಾಗಲೋ ಬಿದ್ದುಹೋಗಿತ್ತು. ರಸ್ತೆಯಿಂದ ಚಿಮ್ಮಿದ ಕೆಸರು ಬಂದು ಕೂತಿತ್ತು. ಮೆಕ್ಯಾನಿಕ್ ಅದನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ತೋರಿಸಿದರು. ಬೂದು ಬಣ್ಣ, ಬೆರಳಲ್ಲಿ ಉಜ್ಜಿದರೆ ಉಪ್ಪಿನ ಹರಳಿನ ಕರಕರ. ಮಿಷಿಗನ್‌ನಲ್ಲಿ ಚಳಿಗಾಲ ಪೂರ್ತಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ನಾನು ಕೈ ಒರೆಸಿಕೊಂಡೆ. ಆ ಕೆಸರು ಇನ್ನೆಲ್ಲಿಗೆ ಹೋಗಿರಬಹುದು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಡೀ ಪ್ರಕರಣದ ಉತ್ತರ ಆಗಲೇ ಕೈಯಲ್ಲಿತ್ತು.

ವಾಸನೆಯ ಮೂಲ ಹುಡುಕಲು ಸೋರಿಕೆ ಪತ್ತೆ ಮಾಡುವ ದ್ರಾವಣ ಹಾಕಿದರು. ಅಮ್ಮ ಊರಿನಲ್ಲಿ ಹೊಸ ಸಿಲಿಂಡರ್ ಬಂದಾಗಲೆಲ್ಲ ಸೋಪಿನ ನೊರೆ ಹಚ್ಚುತ್ತಿದ್ದದ್ದೂ ಇದೇ ವಿದ್ಯೆ. ಇಲ್ಲಿ ಅದಕ್ಕೆಂದೇ ಮಾಡಿದ ದ್ರಾವಣ ಬಳಸುತ್ತಾರೆ, ಏಕೆಂದರೆ ಅಮೋನಿಯ ಇರುವ ಸೋಪು ಹಿತ್ತಾಳೆಯ ಬಿಡಿಭಾಗಗಳನ್ನು ಕ್ರಮೇಣ ಬಿರುಕು ಬಿಡಿಸುತ್ತದೆ. ಬ್ಲೀಡರ್ ಸ್ಕ್ರೂ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಟ್ಯಾಂಕ್ 80 ಪರ್ಸೆಂಟ್ ತುಂಬಿತೇ ಎಂದು ನೋಡುವ ಪುಟ್ಟ ವಾಲ್ವ್ ಅದು. ತುಂಬುವಾಗ ಅದನ್ನು ಸಡಿಲಿಸಿಟ್ಟರೆ ಮೊದಲು ಬರೀ ಆವಿ ಬರುತ್ತದೆ. ದ್ರವ ಆ ಮಟ್ಟ ಮುಟ್ಟಿದ ಕ್ಷಣ ಬಿಳಿ ಮಂಜು ಚಿಮ್ಮುತ್ತದೆ, ಪಂಪ್ ನಿಲ್ಲಿಸಬೇಕು. 29 ವರ್ಷ ತಿರುಗಿಸಿ ತಿರುಗಿಸಿ ಅದರ ಒಳಗಿನ ಸೀಟ್ ಸವೆದಿತ್ತು. ಮುಖ್ಯ ವಾಲ್ವಿನ ಕಾಂಡದ ಹತ್ತಿರವೂ ಒಂದೆರಡು ಗುಳ್ಳೆ ಬಂದವು.

ಎರಡನ್ನೂ ಬದಲಾಯಿಸುವುದು ಎಂದಾಯಿತು. ಅದಕ್ಕೆ ಟ್ಯಾಂಕ್ ಪೂರ್ತಿ ಖಾಲಿಯಾಗಬೇಕು. ಉಳಿದಿದ್ದ ಗ್ಯಾಸನ್ನು ಅವರು ಪಂಪಿನಿಂದ ಹೊರತೆಗೆದು, ಕೊನೆಯದನ್ನು ಬಯಲಿನಲ್ಲಿ ಬರ್ನರ್ ಹಚ್ಚಿ ಸುಟ್ಟರು. ರೆಗ್ಯುಲೇಟರ್, ಹೋಸ್, ಕೂಲಿ ಸೇರಿ 140 ಡಾಲರ್. ಎರಡು ವಾಲ್ವ್‌ಗೆ, ಕೂಲಿಯೂ ಸೇರಿ, 310 ಡಾಲರ್.

ಆ ದಿನ ಟ್ಯಾಂಕ್ ಖಾಲಿ ಇತ್ತು. ಪೈಪು ಬಿಚ್ಚಿತ್ತು. ಇಳಿಸಲು ಉಳಿದದ್ದು ನಾಲ್ಕು ಬೋಲ್ಟ್. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೇ: ತುಂಬುವುದಿಲ್ಲ ಎಂದರು

ಖಾಲಿ ಟ್ಯಾಂಕ್ ಇಟ್ಟುಕೊಂಡು ಒಂದು ಪಂಪಿಗೆ ಹೋದೆ. ಅಲ್ಲಿಯ ಹುಡುಗ ಟಾರ್ಚ್ ಹಿಡಿದು ಬಗ್ಗಿ ನೋಡಿದ. “ಪ್ಲೇಟ್ ಎಲ್ಲಿ?” ಎಂದ. ಪ್ರತಿ ಎಎಸ್‌ಎಂಇ ಟ್ಯಾಂಕಿಗೂ ಒಂದು ಲೋಹದ ಫಲಕ ಇರುತ್ತದೆ. ಯಾರು ಮಾಡಿದ್ದು, ಯಾವ ವರ್ಷ, ಸೀರಿಯಲ್ ನಂಬರ್, ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಒತ್ತಡ ತಡೆಯುತ್ತದೆ, ತಗಡಿನ ದಪ್ಪ ಎಷ್ಟು ಎಂದೆಲ್ಲ ಅದರಲ್ಲಿ ಕೆತ್ತಿರುತ್ತಾರೆ. ನಮ್ಮ ಟ್ಯಾಂಕಿನ ಫಲಕದ ಮೇಲೆ ಹಿಂದಿನ ಮಾಲೀಕರು ದಪ್ಪಗೆ ಬಿಳಿ ಬಣ್ಣ ಬಳಿದಿದ್ದರು. ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಓದಲಾಗದ ಟ್ಯಾಂಕಿಗೆ ಗ್ಯಾಸ್ ತುಂಬುವುದಿಲ್ಲ, ನಮ್ಮಲ್ಲಿ ಹಾಗೇ ನಿಯಮ ಎಂದ. ಕೆಳಭಾಗದ ತುಕ್ಕನ್ನೂ ತೋರಿಸಿದ. ಆಗ ಬೇಜಾರಾಯಿತು. ಈಗ ಆ ಹುಡುಗನ ಮೇಲೆ ಗೌರವ ಇದೆ.

ಮುಂದಿನ ಭಾನುವಾರ ಗಾಡಿಯ ಕೆಳಗೆ ಚಾಪೆ ಹಾಸಿ ಮಲಗಿದೆ. ಬಣ್ಣ ಕರಗಿಸುವ ಜೆಲ್, ಹಳೇ ಟೂತ್‌ಬ್ರಶ್, ಹತ್ತಿ ಬಟ್ಟೆ. ವೈರ್ ಬ್ರಶ್ ಮುಟ್ಟಲಿಲ್ಲ, ಅಕ್ಷರಗಳೇ ಸವೆದುಹೋದರೆ ಫಲಕ ಇದ್ದೂ ಇಲ್ಲದ ಹಾಗೆ. ಜೆಲ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಹಾಲಿನ ಕೆನೆಯ ಹಾಗೆ ಬಣ್ಣ ಎದ್ದು ಬರುತ್ತಿತ್ತು. ಮೊದಲು ಕಂಡದ್ದು ‘94’. ಆಮೇಲೆ ಸೀರಿಯಲ್ ನಂಬರ್. ಒಂದು ಗಂಟೆ ಹೊತ್ತಿಗೆ ಪೂರ್ತಿ ಫಲಕ ಹೊರಬಂತು. ತಗಡಿನ ದಪ್ಪ ಸುಮಾರು ಮೂರೂವರೆ ಮಿಲಿಮೀಟರ್ ಎಂದು ಅದರಲ್ಲಿತ್ತು. ಫೋಟೊ ತೆಗೆದುಕೊಂಡೆ. ಆ ಅಳತೆ ಎಷ್ಟು ಬೇಗ ಕೆಲಸಕ್ಕೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕೆಳಭಾಗದ ತುಕ್ಕು ಮೇಲ್ಮೈಯದು ಮಾತ್ರ. ಉಜ್ಜಿದರೆ ಹೋಯಿತು, ಕೆಳಗೆ ಗಟ್ಟಿ ಕಬ್ಬಿಣ. ಪ್ರೈಮರ್ ಹೊಡೆದು, ತೆಳು ಬೂದು ಬಣ್ಣ ಬಳಿದೆ. ಬಿಸಿಲು ಹೀರಬಾರದು ಎಂದು ಈ ಟ್ಯಾಂಕ್‌ಗಳಿಗೆ ತಿಳಿ ಬಣ್ಣವೇ ಬೇಕು. ವಾಲ್ವ್, ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಳ್ಳುವ ರಿಲೀಫ್ ವಾಲ್ವ್, ಫಲಕ ಎಲ್ಲಕ್ಕೂ ಟೇಪ್ ಅಂಟಿಸಿ ಕಾಪಾಡಿದೆ. ಬೇರೊಂದು ಪ್ರೋಪೇನ್ ಸರಬರಾಜುದಾರರ ಬಳಿ ಹೋದಾಗ ಫಲಕ ಓದಿ ತುಂಬಿಕೊಟ್ಟರು. ಎಲ್ಲ ಮುಗಿಯಿತು ಎಂದುಕೊಂಡೆವು. ಆಗಸ್ಟ್‌ನಲ್ಲಿ ಮಿಷಿಗನ್‌ನ ಉತ್ತರ ಭಾಗಕ್ಕೆ, ಸುಪೀರಿಯರ್ ಸರೋವರದ ದಡದ ಮ್ಯೂನಿಸಿಂಗ್‌ಗೆ ಹೋಗುವುದೆಂದು ಜಾಗ ಕಾದಿರಿಸಿದೆವು.

ಜೂನ್: ಮಾವ ಬಂದರು

ಮಾವ ಹಾಸನದವರು. ಸಾರಿಗೆ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವರು. ಆರು ತಿಂಗಳಿಗೆಂದು ಬಂದಿದ್ದರು. ಬಂದ ಮೂರನೇ ದಿನ ಮೋಟರ್‌ಹೋಮ್ ಸುತ್ತ ಎರಡು ಸುತ್ತು ಹಾಕಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿಕೊಂಡು ನನ್ನ ಚಾಪೆಯ ಮೇಲೆಯೇ ಮಲಗಿ ಕೆಳಗೆ ಸರಿದರು. ನನ್ನ ಹೊಸ ಬಣ್ಣವನ್ನು ಅವರು ನೋಡಲೇ ಇಲ್ಲ. ಟ್ಯಾಂಕಿನ ಮೇಲ್ಭಾಗಕ್ಕೂ ಗಾಡಿಯ ನೆಲಕ್ಕೂ ನಡುವೆ ಎರಡು ಬೆರಳಿನಷ್ಟು ಸಂದು ಇತ್ತು. ಅಲ್ಲಿಗೆ ಬೆರಳು ತೂರಿಸಿದರು. ಹೊರತೆಗೆದಾಗ ಉಗುರಿನ ತುಂಬ ಬೂದು ಕೆಸರು.

“ಅಳಿಯಂದ್ರೇ, ಇದನ್ನ ಇಳಿಸಿ ನೋಡಿದ್ರಾ?”

“ಇಲ್ಲ ಮಾವ. ಕೆಳಗೆಲ್ಲ ಚೆನ್ನಾಗಿದೆಯಲ್ಲ.”

“ಕೆಳಗಡೆ ನೀರು ನಿಲ್ಲಲ್ಲ, ಸುರಿದುಹೋಗುತ್ತೆ. ಬಸ್ಸಿನ ಬಾಡಿ ಹಾಳಾಗೋದು ಕೆಸರು ಕೂರೋ ಕಡೆ. ನೀವು ಬಣ್ಣ ಹೊಡೆದಿರೋದು ಒಣಗೋ ಕಡೆಗೆ.”

ಉಪ್ಪು ಬೆರೆತ ಕೆಸರು ತೇವ ಬಿಡುವುದಿಲ್ಲ. ಒಂದು ಮಳೆ ಬಂದರೆ ವಾರಗಟ್ಟಲೆ ಒದ್ದೆ ಬಟ್ಟೆ ಹೊದಿಸಿದ ಹಾಗೆ ಕಬ್ಬಿಣದ ಮೇಲೆ ಕೂರುತ್ತದೆ. ಟ್ಯಾಂಕನ್ನು ಚಾಸಿಗೆ ಹಿಡಿದಿರುವ ಬ್ರ್ಯಾಕೆಟ್ ಮೂಲೆಗಳಲ್ಲಿ ಇನ್ನೂ ಜಾಸ್ತಿ. ಏಪ್ರಿಲ್‌ನಲ್ಲಿ ರೆಗ್ಯುಲೇಟರ್ ತೂತಿನಲ್ಲಿ ಕಂಡ ಕೆಸರಿನ ಬಗ್ಗೆ ಹೇಳಿದೆ. ಮಾವ ಏನೂ ಅನ್ನಲಿಲ್ಲ. ಬೆರಳನ್ನು ಇನ್ನೊಮ್ಮೆ ನೋಡಿಕೊಂಡರು, ಅಷ್ಟೇ.

ಈಗ ಟ್ಯಾಂಕ್ ತುಂಬಿತ್ತು. ಗ್ಯಾಸ್ ತುಂಬಿಕೊಟ್ಟವರನ್ನೇ ಕರೆದು ಖಾಲಿ ಮಾಡಿಸಿದೆವು, 70 ಡಾಲರ್ ಆಯಿತು. ಇಳಿಸುವ ಕೆಲಸವನ್ನೂ ಅವರ ಅಂಗಳದಲ್ಲೇ, ಅವರ ಕೈಯಿಂದಲೇ ಮಾಡಿಸಿದೆವು. ಖಾಲಿ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ. ಗಾಳಿಯಲ್ಲಿ 2ರಿಂದ 10 ಪರ್ಸೆಂಟ್ ಒಳಗೆ ಪ್ರೋಪೇನ್ ಬೆರೆತರೆ ಒಂದು ಕಿಡಿ ಸಾಕು. ಮನೆಯ ಮುಂದೆ ಜಾಕ್ ಇಟ್ಟು ಮಾಡುವ ಕೆಲಸ ಅಲ್ಲ ಇದು.

ಜಾಕ್ ಮೇಲೆ ಟ್ಯಾಂಕ್ ನಿಧಾನಕ್ಕೆ ಇಳಿದು ಬಂತು. ಬೆನ್ನಿನ ಮೇಲೆ ಒಂದಿಂಚು ದಪ್ಪ ಕೆಸರಿನ ಹಾಸು, ಅದರಲ್ಲಿ ಒಣ ಎಲೆ, ಜಲ್ಲಿಯ ಚೂರು. ನೀರು ಹೊಡೆದು ತೊಳೆದರು. ಎಡಗಡೆಯ ಬ್ರ್ಯಾಕೆಟ್ ಪಕ್ಕದಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರಿನಿಂದ ಎತ್ತಿದರೆ ಅವಲಕ್ಕಿಯ ಹಾಗೆ ಕಳಚಿ ಬರುತ್ತಿತ್ತು. ಅಷ್ಟನ್ನೂ ತೆಗೆದ ಮೇಲೆ ಕಂಡದ್ದು ಗುಳಿಗಳು. ಒಂಟಿ ಗುಳಿಯಲ್ಲ, ಅಂಗೈ ಅಗಲದ ಜಾಗದಲ್ಲಿ ಸಿಡುಬಿನ ಕಲೆಯ ಹಾಗೆ ಒತ್ತಾಗಿ.

ಅಲ್ಲಿಯ ಹಿರಿಯ ಕೆಲಸಗಾರರು ಸೂಜಿ ಇರುವ ಒಂದು ಗೇಜ್ ಇಟ್ಟು ಅಳೆದರು. ಎಲ್ಲಕ್ಕಿಂತ ಆಳದ ಗುಳಿ 1.2 ಮಿಲಿಮೀಟರ್. ನನ್ನ ಫೋನಿನಲ್ಲಿದ್ದ ಫಲಕದ ಫೋಟೊ ತೋರಿಸಿದೆ. ಮೂರೂವರೆಯಲ್ಲಿ 1.2. ಮೂರರಲ್ಲೊಂದು ಭಾಗ ಹೋಗಿತ್ತು. ಜುಲೈ ಬಿಸಿಲಿನಲ್ಲಿ 38 ಡಿಗ್ರಿ ಮುಟ್ಟಿದರೆ ಒಳಗಿನ ಒತ್ತಡ 170 ಪಿಎಸ್‌ಐ ದಾಟುತ್ತದೆ. ಅವರು ಗೇಜ್ ಒರೆಸಿ ಡಬ್ಬಿಗೆ ಹಾಕಿದರು. “ಇದಕ್ಕೆ ನಾನು ಇನ್ನು ಗ್ಯಾಸ್ ತುಂಬುವುದಿಲ್ಲ” ಎಂದರು. ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಗುಣಾಕಾರದ ಗುರುತು ಎಳೆದರು.

ಆ ಗುಳಿಗಳ ನೇರ ಮೇಲೆ, ನೆಲದ ಹಲಗೆಯ ಆಚೆ, ನಾವು ಊಟಕ್ಕೆ ಕೂರುವ ಬೆಂಚು. ನನ್ನ ಹೆಂಡತಿ ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವೆಲ್ಡಿಂಗ್ ಮಾಡಿಸಬಹುದಲ್ವಾ?

ಇದು ಎಲ್ಲರೂ ಕೇಳುವ ಪ್ರಶ್ನೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನೂ ಕೇಳಿದೆ. ಪರಿಚಯದ ಒಬ್ಬ ವೆಲ್ಡರ್, ಗುಳಿ ತುಂಬಿಸಿ ಉಜ್ಜಿ ಕೊಡುತ್ತೇನೆ, ನೂರು ಡಾಲರ್ ಕೊಡಿ ಸಾಕು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಅಮೆರಿಕದಲ್ಲಿ ಪ್ರೋಪೇನ್ ಕೆಲಸ ನಡೆಯುವುದು ಎನ್‌ಎಫ್‌ಪಿಎ 58 ಎಂಬ ನಿಯಮಾವಳಿಯ ಮೇಲೆ. ತಯಾರಕರೇ ಟ್ಯಾಂಕಿಗೆ ಕೂರಿಸಿಕೊಟ್ಟ ಪ್ಯಾಡ್, ಬ್ರ್ಯಾಕೆಟ್‌ಗಳ ಮೇಲೆ ಮಾತ್ರ ಹೊರಗಿನವರು ವೆಲ್ಡ್ ಮಾಡಬಹುದು ಎಂದು ಅದು ಹೇಳುತ್ತದೆ. ಟ್ಯಾಂಕಿನ ಮೈಯನ್ನು ಮುಟ್ಟಬೇಕಾದರೆ ‘ಆರ್’ ಮುದ್ರೆ ಪಡೆದ ವರ್ಕ್‌ಶಾಪ್ ಬೇಕು. ಆ ಮುದ್ರೆ ಕೊಡುವುದು ಒಹಾಯೊದ ಕೊಲಂಬಸ್‌ನಲ್ಲಿರುವ ಬಾಯ್ಲರ್ ಮತ್ತು ಪ್ರೆಷರ್ ವೆಸಲ್ ಇನ್‌ಸ್ಪೆಕ್ಟರುಗಳ ನ್ಯಾಷನಲ್ ಬೋರ್ಡ್. ಅಂಥವರು ಕೆಲಸ ಮಾಡಿ, ಪರೀಕ್ಷಿಸಿ, ಕಾಗದ ಪತ್ರ ಕೊಡುತ್ತಾರೆ. ಇಷ್ಟು ಸಣ್ಣ ಟ್ಯಾಂಕಿಗೆ ಅದು ಹೊಸದರ ಬೆಲೆಯನ್ನೂ ಮೀರುತ್ತದೆ.

ನಿಯಮದ ಹಿಂದೆ ಕಾರಣವೂ ಇದೆ. ವೆಲ್ಡ್ ಮಾಡಿದ ಜಾಗದ ಸುತ್ತ ಬಿಸಿಗೆ ಉಕ್ಕಿನ ಗುಣವೇ ಬದಲಾಗುತ್ತದೆ. ಮೇಲಿನಿಂದ ನುಣ್ಣಗೆ ಕಂಡರೂ ಪಕ್ಕದಲ್ಲೇ ಬಿರುಕಿಗೆ ದಾರಿ ಆಗಬಹುದು. ಒಳಗೆ ಉಳಿದ ಆವಿಯ ಅಪಾಯ ಬೇರೆ. ಮಾವ ಡಿಪೋದಲ್ಲಿ ಸಾವಿರ ಬಾರಿ ವೆಲ್ಡಿಂಗ್ ಮಾಡಿಸಿದವರು. “ಡೀಸೆಲ್ ಟ್ಯಾಂಕ್ ಆದ್ರೆ ಯೋಚಿಸಬಹುದಿತ್ತು. ಟೈರಿನಷ್ಟು ಗಾಳಿ ತಡೆಯೋದಕ್ಕೆ ತೇಪೆ ಬೇಡ” ಎಂದರು. ನಾನು ಆ ವೆಲ್ಡರ್‌ಗೆ ಫೋನ್ ಮಾಡಿ ಬೇಡ ಎಂದು ಹೇಳಿದೆ.

ಹೊಸ ಟ್ಯಾಂಕ್

ಅಳತೆ ಹೊಂದುವ ಟ್ಯಾಂಕ್ ಸಿಗುವುದೇ ಕಷ್ಟ ಎಂದು ಹೆದರಿದ್ದೆ. ಇಲ್ಲಿಯೂ ಫಲಕ ಕಾಪಾಡಿತು. ತಯಾರಕರ ಹೆಸರು, ಗಾತ್ರ ಎರಡೂ ಅದರಲ್ಲಿತ್ತು. ಉದ್ದ, ಸುತ್ತಳತೆ, ಬ್ರ್ಯಾಕೆಟ್ ತೂತುಗಳ ನಡುವಿನ ದೂರ, ವಾಲ್ವ್‌ಗಳು ಯಾವ ಕಡೆ ಮುಖ ಮಾಡಿವೆ ಎಂದು ಬರೆದು ಕಳಿಸಿದೆ. ವಾಲ್ವ್ ದಿಕ್ಕನ್ನು ಮರೆತವರು ಟ್ಯಾಂಕ್ ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ತುಂಬುವ ಮೂತಿ ಹೊರಗಿನ ಬಾಗಿಲಿಗೆ ಎದುರಾಗಿ ಇರಲೇಬೇಕು. ಮೂರು ವಾರಕ್ಕೆ ಬಂತು. 960 ಡಾಲರ್. ಎಲ್ಲ ವಾಲ್ವ್‌ಗಳೂ ಜೋಡಿಸಿಯೇ ಬಂದಿದ್ದವು. ಹಾಗಾಗಿ ಏಪ್ರಿಲ್‌ನಲ್ಲಿ ವಾಲ್ವ್‌ಗೆ ಕೊಟ್ಟ 310 ಡಾಲರ್ ಹಳೇ ಟ್ಯಾಂಕಿನ ಜೊತೆಗೇ ಹೋಯಿತು. ರೆಗ್ಯುಲೇಟರ್ ಮತ್ತು ಹೋಸ್ ಮಾತ್ರ ಉಳಿದವು.

ಕೂರಿಸುವ ಮುಂಚೆ ಚಾಸಿಯ ಆ ಭಾಗವನ್ನು ಉಜ್ಜಿ ಬಣ್ಣ ಬಳಿದೆವು. ಬೋಲ್ಟ್ ನಾಲ್ಕೂ ಹೊಸವು. ಮಾವ ಒಂದೊಂದು ಬೋಲ್ಟನ್ನೂ ಬೆರಳಲ್ಲೇ ತಿರುಗಿಸಿ ಮೊದಲು ಕೂರಿಸಿದರು, ಆಮೇಲೆ ಸ್ಪ್ಯಾನರ್ ಕೊಟ್ಟರು. ಪೈಪ್ ಜೋಡಣೆ ಗ್ಯಾಸ್‌ನವರೇ ಮಾಡಿದರು. ವಾಲ್ವಿಗೆ ಬರುವ ದೊಡ್ಡ ನಟ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗೊತ್ತಿಲ್ಲದೆ ಬಲಕ್ಕೆ ಬಲ ಹಾಕಿ ಹಿತ್ತಾಳೆ ಹಾಳುಮಾಡಿಕೊಂಡವರು ಇದ್ದಾರೆ.

ಹೊಸ ಟ್ಯಾಂಕಿನಲ್ಲಿ ಗಾಳಿ ತುಂಬಿರುತ್ತದೆ, ಸ್ವಲ್ಪ ತೇವವೂ ಇರುತ್ತದೆ. ಹಾಗೇ ಗ್ಯಾಸ್ ತುಂಬಿದರೆ ಒತ್ತಡ ಏರುಪೇರಾಗುತ್ತದೆ, ಒಲೆ ಸರಿಯಾಗಿ ಹೊತ್ತುವುದಿಲ್ಲ, ಚಳಿಯಲ್ಲಿ ರೆಗ್ಯುಲೇಟರ್ ಒಳಗೆ ಆ ತೇವ ಹೆಪ್ಪುಗಟ್ಟುತ್ತದೆ. ಅದಕ್ಕೆ ಮೊದಲು ತೊಳೆಯಬೇಕು, ನೀರಿನಿಂದಲ್ಲ, ಪ್ರೋಪೇನ್ ಆವಿಯಿಂದಲೇ. 15 ಪಿಎಸ್‌ಐವರೆಗೆ ಆವಿ ತುಂಬುವುದು, ಸುರಕ್ಷಿತ ಜಾಗದಲ್ಲಿ ಬಿಡುವುದು. ಹೀಗೆ ಐದು ಸಲ. ದ್ರವ ಹಾಕಬಾರದು, ಆವಿಯೇ ಆಗಬೇಕು. ಹೊಸ ಟ್ಯಾಂಕಿಗೆ ಇನ್ನೊಂದು ಎಚ್ಚರವೂ ಬೇಕು. ಒಳಗಿನ ಬರಿ ಉಕ್ಕು, ಅದರ ಮೇಲಿನ ತುಕ್ಕು ವಾಸನೆಯ ಮರ್ಕ್ಯಾಪ್ಟಾನ್ ಅನ್ನು ಹೀರಿಕೊಳ್ಳಬಹುದು. ಶುರುವಿನ ದಿನಗಳಲ್ಲಿ ಮೂಗನ್ನು ಪೂರ್ತಿ ನಂಬಬಾರದು. ಅಲಾರಾಂ ಇರಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ತುಂಬಿಸುವಾಗ ಎಲ್ಲರೂ ಇಳಿದು ದೂರ ನಿಂತೆವು. ಒಲೆ, ಹೀಟರ್ ಬಂದ್. ಫ್ರಿಜ್ ಕೂಡ ಬಂದ್, ಏಕೆಂದರೆ ಅದು ಬೇಕೆನಿಸಿದಾಗ ತನ್ನಷ್ಟಕ್ಕೆ ಕಿಡಿ ಹೊತ್ತಿಸಿಕೊಳ್ಳುತ್ತದೆ. ಬ್ಲೀಡರ್‌ನಿಂದ ಬಿಳಿ ಮಂಜು ಚಿಮ್ಮಿದಾಗ ಮಗಳು ಚಪ್ಪಾಳೆ ತಟ್ಟಿದಳು.

ಕೊನೆಗೆ ಸೋರಿಕೆ ಪರೀಕ್ಷೆ. ಮತ್ತೆ ಅದೇ ನೀರಿನ ಕೊಳವೆ ಒಲೆಯ ಹತ್ತಿರ ಬಂತು. ಟ್ಯಾಂಕಿನ ವಾಲ್ವ್ ಮುಚ್ಚಿ, ಸಾಲಿನ ಒತ್ತಡವನ್ನು 8 ಇಂಚಿಗೆ ಇಳಿಸಿ, ಮೂರು ನಿಮಿಷ ಕಾಯಬೇಕು. ನೀರು ಕದಲಬಾರದು. ಮಾವ ಗಡಿಯಾರ ನೋಡಿಕೊಂಡು ನಿಂತರು. ನಾನು ನೀರಿನ ಅಂಚಿಗೆ ಕಣ್ಣು ನೆಟ್ಟು ಕೂತೆ. ಮೂರು ನಿಮಿಷ ಆದ ಮೇಲೂ ಮಾವ ಇನ್ನೂ ಎರಡು ನಿಮಿಷ ಬಿಡಿ ಎಂದರು. ನೀರು 8ರ ಗೆರೆಯಲ್ಲೇ ಇತ್ತು. ಆಮೇಲೆ ಒಲೆ, ಫರ್ನೇಸ್, ಹೀಟರ್ ಮೂರನ್ನೂ ಒಟ್ಟಿಗೆ ಹಚ್ಚಿ ನೋಡಿದರೆ ಒತ್ತಡ 11ರ ಹತ್ತಿರವೇ ನಿಂತಿತು.

ಇಳಿಸಿ ಕೂರಿಸಿದ ಕೂಲಿ 420 ಡಾಲರ್. ಶುರುವಿನಿಂದ ಎಲ್ಲ ಸೇರಿ 1,900 ಡಾಲರ್. ಇದರಲ್ಲಿ ವಾಲ್ವ್‌ನ 310, ಎರಡನೇ ಸಲ ಖಾಲಿ ಮಾಡಿಸಿದ 70, ಅಂದರೆ 380 ಡಾಲರ್ ನಾವು ಏಪ್ರಿಲ್‌ನಲ್ಲೇ ಟ್ಯಾಂಕ್ ಇಳಿಸಿದ್ದರೆ ಉಳಿಯುತ್ತಿತ್ತು. ಹಣಕ್ಕಿಂತ ನನ್ನನ್ನು ಕಾಡುವುದು ಮೇ ತಿಂಗಳಲ್ಲಿ ತುಂಬಿಸಿದ ಮೇಲಿನ ಆ ಐದು ವಾರ. ಎರಡು ರಾತ್ರಿ ನಾವು ಅದರಲ್ಲೇ ಮಲಗಿದ್ದೆವು.

ಈಗ ಯಾರಾದರೂ ಹಳೇ ಗಾಡಿ ಬಗ್ಗೆ ಕೇಳಿದರೆ ನಾನು ಮೊದಲು ಕೇಳುವುದು, ಟ್ಯಾಂಕಿನ ಬೆನ್ನು ನೋಡಿದ್ದೀರಾ ಎಂದು. ಫಲಕ ಓದಲು ಬರಬೇಕು, ಬೆನ್ನು ಕಣ್ಣಿಗೆ ಕಾಣಬೇಕು. ಇವೆರಡೂ ಆಗುವವರೆಗೆ ವಾಲ್ವ್, ಬಣ್ಣ ಯಾವುದಕ್ಕೂ ದುಡ್ಡು ಹಾಕಬೇಡಿ. ಮಾರುವವರು ಇಳಿಸಲು ಒಪ್ಪದಿದ್ದರೆ ಹೊಸ ಟ್ಯಾಂಕಿನ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.

ಆಗಸ್ಟ್ ಎರಡನೇ ವಾರ ಮ್ಯೂನಿಸಿಂಗ್‌ಗೆ ಹೋದೆವು. ಸುಮಾರು 400 ಮೈಲಿ. ಬೇಸಿಗೆಯಲ್ಲೂ ಸುಪೀರಿಯರ್ ಕಡೆಯಿಂದ ಬೀಸುವ ಗಾಳಿ ತಣ್ಣಗಿರುತ್ತದೆ. ರಾತ್ರಿ ಫರ್ನೇಸ್ ನಾಲ್ಕು ಸಲ ಹೊತ್ತಿ ಆರಿದ್ದು ನನಗೆ ಗೊತ್ತು, ನಾನು ಎದ್ದು ಎಣಿಸುತ್ತಿದ್ದೆ. ಬೆಳಗ್ಗೆ ಮಾವ ಎಲ್ಲರಿಗಿಂತ ಮೊದಲು ಎದ್ದು ಡಿಕಾಕ್ಷನ್ ಇಳಿಸಿ, ಹಾಲು ಕಾಯಲು ಇಟ್ಟಿದ್ದರು. ಉರಿ ನೀಲಿಯಾಗಿತ್ತು. ಅವರು ಮಂಡಿ ಊರಿ, ಒಲೆಯ ಕೆಳಗೆ ಒಮ್ಮೆ ಮೂಸಿ, ಎದ್ದು ಲೋಟಗಳನ್ನು ತೊಳೆಯತೊಡಗಿದರು.